ನೀಲವ್ವನ ಎದೆಯ ಸಣ್ಣ ನಾಳಗಳು

ಸೊಲ್ಲಾಪುರದಲ್ಲಿ ಹೃದಯದ ವೈದ್ಯೆಯಾಗಿ ಆಯುಷ್ಯ ಕಳೆದವಳನ್ನು ಯಾರಾದರೂ ನಾಲ್ಕು ಮಾತಾಡಲು ಕರೆದರೆ, ಅವರು ಕೇಳಬಯಸುವುದು ಸಾವಿನ ಬಾಗಿಲಿನಿಂದ ಮರಳಿ ಬಂದವರ ಕಥೆಗಳನ್ನು. ಅಂಥವು ನನ್ನ ಬಳಿಯೂ ಇವೆ. ಆದರೆ ಈಗಷ್ಟೇ ಈ ಕೆಲಸಕ್ಕೆ ಕಾಲಿಡುತ್ತಿರುವ ಹುಡುಗ ಹುಡುಗಿಯರಿಗೆ ಅವು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಎದೆ ಹಿಡಿದುಕೊಂಡು ಬಿದ್ದವನ ರೋಗ ಗುರುತಿಸುವುದು ಕಷ್ಟವಲ್ಲ, ಅವನೇ ಬಿದ್ದು ತೋರಿಸುತ್ತಾನೆ. ತನ್ನ ಕಾಲ ಮೇಲೆ ನಡೆದು ಬಂದು, ಎಲ್ಲ ರಿಪೋರ್ಟೂ ಸರಿಯಿದ್ದು, ಆದರೂ ನೋಯುತ್ತದೆ ಎನ್ನುವವರ ಮುಂದೆ ಕೂತಾಗ ನಮ್ಮ ವಿದ್ಯೆಯ ಪರೀಕ್ಷೆ. ಅಂಥ ಒಬ್ಬಳ ವಿಷಯ ಬರೆಯಬೇಕೆಂದು ಕೂತಿದ್ದೇನೆ. ಅವಳಿಗಿಂತ ಮೊದಲು, ನನಗೆ ಕೆಲಸ ಕಲಿಸಿದವರ ಬಗ್ಗೆ ಒಂದಿಷ್ಟು.

ನಾನು ಅಕ್ಕಲಕೋಟೆಯವಳು. ಮನೆಯೊಳಗೆ ಕನ್ನಡ, ಬಜಾರಿನಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು. ಓದು ಮುಗಿಸಿ ಸೊಲ್ಲಾಪುರದ ಒಂದು ಧರ್ಮಾರ್ಥ ಆಸ್ಪತ್ರೆಗೆ ಸೇರಿದಾಗ ನಮ್ಮ ವಿಭಾಗದ ಹಿರಿಯರನ್ನು ಎಲ್ಲರೂ ‘ಮೋಠೇ ಸರ್’ ಎನ್ನುತ್ತಿದ್ದರು. ಮರಾಠಿಯಲ್ಲಿ ದೊಡ್ಡ ಸರ್ ಎಂದರ್ಥ. ಆಳು ಮಾತ್ರ ನನ್ನ ಭುಜಕ್ಕೆ ಬರುವಷ್ಟಿದ್ದರು. ನಮ್ಮಲ್ಲಿ ಬರುವ ಅರ್ಧಕ್ಕರ್ಧ ರೋಗಿಗಳು ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡದ ಹಳ್ಳಿಯವರು. ಸರ್ ಬಳಿ ಇದ್ದದ್ದು ಒಂದೇ ಒಂದು ಕನ್ನಡ ವಾಕ್ಯ. “ಎಲ್ಲಿ ನೋಯ್ತದ, ತೋರ್ಸು.” ಯಾರೇ ಬಂದರೂ ಅದನ್ನೇ ಪ್ರಯೋಗಿಸುತ್ತಿದ್ದರು. ಒಮ್ಮೆ ಲಾರಿ ಓಡಿಸುವ ಲೈಸೆನ್ಸಿಗೆಂದು ಸರ್ಟಿಫಿಕೇಟು ಕೇಳಲು ಬಂದವನಿಗೂ ಅದನ್ನೇ ಹೇಳಿದರು. ಅವನು ಸ್ವಲ್ಪ ಯೋಚಿಸಿ, ಬಾಯಿ ತೆರೆದು ದವಡೆಯ ಹಲ್ಲು ತೋರಿಸಿದ. ಸರ್ ಗಂಭೀರವಾಗಿ ಅವನನ್ನು ಹಲ್ಲಿನ ವೈದ್ಯರ ಬಳಿ ಕಳಿಸಿದರು. ಅಲ್ಲಿ ನಿಜಕ್ಕೂ ಹುಳುಕು ಸಿಕ್ಕಿತು. ತಮ್ಮ ವಾಕ್ಯದ ಮೇಲೆ ಸರ್‌ಗೆ ಇನ್ನಷ್ಟು ನಂಬಿಕೆ ಬಂತು.

ಆ ವಾಕ್ಯದ ಗುಟ್ಟು ನನಗೆ ಗೊತ್ತಾಗಲು ಸಮಯ ಹಿಡಿಯಿತು. ಉತ್ತರವಾಗಿ ಬರುವ ಕನ್ನಡದ ಪ್ರವಾಹ ಸರ್‌ಗೆ ತಿಳಿಯುತ್ತಿರಲಿಲ್ಲ, ಅದಕ್ಕೆ ನಾನಿದ್ದೆ. ಅವರು ನೋಡುತ್ತಿದ್ದದ್ದು ಕೈಯನ್ನು. ಒಂದೇ ಬೆರಳಿಂದ ಇಲ್ಲಿ ಎಂದು ಚುಚ್ಚಿ ತೋರಿಸಿದರೆ ಸಾಮಾನ್ಯವಾಗಿ ಹೃದಯದ್ದಲ್ಲ. ಮುಷ್ಟಿ ಕಟ್ಟಿ ಎದೆಯ ನಡುವೆ ಇಟ್ಟುಕೊಂಡರೆ ಆ ರೋಗಿಯನ್ನು ಮನೆಗೆ ಕಳಿಸಬಾರದು. ರಿಪೋರ್ಟು ಮೊದಲು ತೆಗೆದು ನೋಡುವ ವೈದ್ಯರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಪರೀಕ್ಷೆಯ ಉತ್ತರವನ್ನು ಪುಸ್ತಕದ ಹಿಂದಿನ ಪುಟದಲ್ಲಿ ನೋಡಿ ಬರೆಯುವ ಹುಡುಗರಂತೆ, ಎಂದು ಗೊಣಗುತ್ತಿದ್ದರು.

ಆಗಿನ ಇಸಿಜಿ ಯಂತ್ರಕ್ಕೆ ರಬ್ಬರಿನ ಬುಡ್ಡಿಗಳಿದ್ದವು. ಹಿಚುಕಿ ಎದೆಗೆ ಅಂಟಿಸಬೇಕು. ಮೈತುಂಬ ಕೂದಲಿರುವ ಗಂಡಸರ ಎದೆಯಿಂದ ಅವು ಒಂದೊಂದಾಗಿ ಕಳಚಿ ಬೀಳುತ್ತಿದ್ದವು. ಆಮೇಲೆ ಟ್ರೆಡ್‌ಮಿಲ್ ಬಂತು. ಅದರ ಮೇಲೆ ಮೊದಲ ವಾರ ಹತ್ತಿದವರಲ್ಲಿ ಅಕ್ಕಲಕೋಟೆಯ ಒಬ್ಬ ಅಜ್ಜಿ ಇದ್ದಳು. ಕಚ್ಚೆ ಸೀರೆ, ಬರಿಗಾಲು. ವೇಗ ಏರಿಸಿದಷ್ಟೂ ನಡೆದಳು, ಉಸಿರು ಸಹ ಹತ್ತಲಿಲ್ಲ. ನಿಲ್ಲಿಸಿದಾಗ ಸುತ್ತ ನೋಡಿ, “ಇಷ್ಟ ನಡದ್ರ ನಾ ಇಷ್ಟೊತ್ತಿಗೆ ಮಗಳ ಮನಿ ಮುಟ್ಟತಿದ್ದೆ” ಎಂದು ಬೇಸರಪಟ್ಟಳು. ಎಕೋ ಬಂತು, ಆಂಜಿಯೋಗ್ರಫಿ ಬಂತು. ಹೃದಯದ ನಾಳಗಳಿಗೆ ಬಣ್ಣ ಬಿಟ್ಟು, ಎಲ್ಲಿ ಕಟ್ಟಿಕೊಂಡಿದೆ ಎಂದು ಪರದೆಯ ಮೇಲೆ ಕಣ್ಣಾರೆ ಕಾಣುವ ಕಾಲ ಬಂದಾಗ, ಇನ್ನು ಕಾಣದ್ದು ಏನೂ ಉಳಿಯಲಿಲ್ಲ ಎಂದೇ ನಾವೆಲ್ಲ ಅಂದುಕೊಂಡೆವು.

ನೀಲವ್ವ ಬಂದದ್ದು ನನ್ನ ನಿವೃತ್ತಿಗೆ ಕೆಲವು ವರ್ಷ ಉಳಿದಿದ್ದಾಗ. ಕುರನೂರಿನವಳು. ಬೋರಿ ಹೊಳೆಯ ಅಣೆಕಟ್ಟಿನ ಕೆಳಗೆ ಕಬ್ಬು, ತೊಗರಿ, ಒಂದಿಷ್ಟು ದಾಳಿಂಬೆ ಇರುವ ಒಕ್ಕಲುತನದ ಮನೆ. ವಯಸ್ಸು ನಲವತ್ತು ದಾಟಿತ್ತು. ಕೊಡ ಎತ್ತಿದರೆ, ಏರಿ ಹತ್ತಿದರೆ, ಕಳೆ ಕೀಳುತ್ತ ಅವಸರ ಮಾಡಿದರೆ ಎದೆನೋವು. ಎರಡು ಕಡೆ ತೋರಿಸಿದ್ದಳು. ಒಂದು ಕಡೆ ಆಂಜಿಯೋಗ್ರಫಿಯೂ ಆಗಿತ್ತು. ನಾಳಗಳು ಕನ್ನಡಿಯಂತಿವೆ, ಟೆನ್ಶನ್ ಬಿಡಿ, ಎಂದು ಹೇಳಿ ಕಳಿಸಿದ್ದರು. ಮನೆಯಲ್ಲಿ ಅತ್ತೆಗೆ ಇದರಿಂದ ಬಲ ಬಂದಿತ್ತು. ಕೆಲಸ ಬಂದಾಗಲೇ ಬರುವ ನೋವು ಎಂಥದು ಎಂದು ಆಕೆ ಊರಿಗೆಲ್ಲ ಕೇಳುತ್ತಿದ್ದಳಂತೆ. ಕೆಲಸ ಮಾಡಿದಾಗಲೇ ಬರುವ ನೋವು ಹೃದಯದ್ದು ಎಂಬುದು ಆ ಅತ್ತೆಗೆ ಹೇಗೆ ತಿಳಿಯಬೇಕು?

ಅಂದು ಅವಳನ್ನು ಮೊದಲು ನೋಡಿದ್ದು ನಮ್ಮ ಕಿರಿಯ ವೈದ್ಯ ಅಮೇಯ. ನಾಶಿಕದ ಕಡೆಯ ಹುಡುಗ, ತೀರ ಜಾಣ, ಕನ್ನಡದ ಗಂಧವಿಲ್ಲ. ಅವಳು ತನಗೆ ಬರುವ ಮರಾಠಿಯಲ್ಲಿ ಹೇಳಿದ್ದಳು, ಅವನು ಬರೆದುಕೊಂಡು ನನ್ನ ಮುಂದೆ ನಿಂತು ಒಪ್ಪಿಸಿದ. ನೋವು ಎದೆಯಲ್ಲಿ ಒಂದು ಕಡೆ ನಿಲ್ಲುವುದಿಲ್ಲ, ಸುತ್ತಾಡುತ್ತದೆ. ಹೃದಯದ ನೋವಿನ ಲಕ್ಷಣ ಅಲ್ಲ. ಆಂಜಿಯೋ ಸರಿಯಿದೆ. ಮನೋವೈದ್ಯರ ಸಲಹೆ ಕೇಳಬಹುದು. ಇದು ಅವನ ಅಭಿಪ್ರಾಯ.

ನಾನು ಅವನ ಮಾತು ಕೇಳುತ್ತ ನೀಲವ್ವನನ್ನು ನೋಡುತ್ತಿದ್ದೆ. ಅವಳ ಬಲಗೈ ಎದೆಯ ನಡುವೆ ಮುಷ್ಟಿಯಾಗಿ ಕೂತಿತ್ತು. ಸುತ್ತಾಡುವ ನೋವನ್ನು ಯಾರೂ ಹಾಗೆ ಹಿಡಿದುಕೊಳ್ಳುವುದಿಲ್ಲ. ನೀನು ಈ ಡಾಕ್ಟರರಿಗೆ ಏನಂದೆ ಎಂದು ಕನ್ನಡದಲ್ಲಿ ಕೇಳಿದೆ.

“ಛಾತೀತ ಹಿಂಡ್ತಯ ಅಂದೆ ಬಾಯಾರ.” ಛಾತೀತ ಎಂದರೆ ಮರಾಠಿಯಲ್ಲಿ ಎದೆಯಲ್ಲಿ, ಬಾಯಾರ ಎಂದು ನಮ್ಮ ಕಡೆ ಡಾಕ್ಟರಮ್ಮನನ್ನು ಕರೆಯುತ್ತಾರೆ.

“ಹಿಂಡೂದು ಅಂದ್ರ ಹ್ಯಾಂಗವಾ?”

“ಒದ್ದಿ ಅರಬಿ ಹಿಂಡಿದಂಗ್ರಿ,” ಎಂದು ಎರಡೂ ಕೈಯಿಂದ ಗಾಳಿಯಲ್ಲಿ ಒಂದು ಸೀರೆಯನ್ನು ತಿರುಚಿ ತೋರಿಸಿದಳು.

ಮರಾಠಿಯಲ್ಲಿ ಹಿಂಡುವುದೆಂದರೆ ಅಡ್ಡಾಡುವುದು. ಅವಳು ಕನ್ನಡದ ಹಿಂಡುವುದಕ್ಕೆ ಮರಾಠಿಯ ಬಾಲ ಹಚ್ಚಿದ್ದಳು, ಅಷ್ಟೇ. ಒದ್ದೆ ಬಟ್ಟೆಯಂತೆ ಹಿಂಡುವ ನೋವು ಅಮೇಯನ ಕಿವಿಗೆ ಊರು ತಿರುಗುವ ನೋವಾಗಿ ಬಿದ್ದಿತ್ತು. ನಾನು ಬಿಡಿಸಿ ಹೇಳಿದಾಗ ಅವನ ಮುಖ ಕೆಂಪಾಯಿತು. ಹಿಂದಿನ ಎರಡು ಕಡೆಯೂ ನೀಲವ್ವ ಅದೇ ಮಾತು ಹೇಳಿದ್ದಳಂತೆ. ಮೂರು ಕಡೆಯ ವೈದ್ಯರಿಗೆ ಅವಳ ನೋವು ತಿರುಗಾಡಿಕೊಂಡಿತ್ತು. ಅಂದಿನಿಂದ ಅಮೇಯ ದಿನಕ್ಕೊಂದು ಕನ್ನಡ ಶಬ್ದ ಕೇಳಿ ಕಲಿಯತೊಡಗಿದ. ಅವನ ಕನ್ನಡ ಇವತ್ತಿಗೂ ಎದೆಯ ಸುತ್ತಮುತ್ತಲೇ ಇದೆ, ಹೊಟ್ಟೆಯ ಕೆಳಗೆ ಇಳಿದಿಲ್ಲ.

ನೀಲವ್ವ ಅಂದು ಇನ್ನೊಂದು ಮಾತು ಹೇಳಿದಳು. “ಎಲ್ಲಾರೂ ಏನೂ ಇಲ್ಲ ಅಂತಾರ ಬಾಯಾರ. ಏನೂ ಇಲ್ದಿದ್ರ ಇಷ್ಟ್ಯಾಕ ನೋಯ್ತದ? ನನಗ ತೆಲಿ ಕೆಟ್ಟದೋ ಏನೋ ಅಂತ ನಾನ ಅನ್ಕೊಳಾಕತ್ತೀನಿ.” ನಗುನಗುತ್ತಲೇ ಆಡಿದಳು, ಆದರೆ ಕೊನೆಗೆ ಬರುವಾಗ ದನಿ ಸಣ್ಣದಾಯಿತು.

ಎಕೋ ಮಾಡಿದೆವು. ಹೃದಯದ ಗೋಡೆ ಇರಬೇಕಾದದ್ದಕ್ಕಿಂತ ದಪ್ಪವಾಗಿತ್ತು. ಬಿಪಿ ಇದ್ದವರಲ್ಲಿ ಹೀಗಾಗುವುದುಂಟು. ಇವಳಿಗೆ ಬಿಪಿ ಇರಲಿಲ್ಲ. ಪುಣೆಗೆ ಕಳಿಸಿದೆವು. ಅಲ್ಲಿ ಹೃದಯಕ್ಕೆ ರಕ್ತದ ಹರಿವನ್ನು ಏರಿಸುವ ಔಷಧಿ ಕೊಟ್ಟು ಎಂಆರ್‌ಐ ತೆಗೆದರು. ಚಿತ್ರದಲ್ಲಿ ದೊಡ್ಡ ನಾಳಗಳು ಸರಿಯಿದ್ದವು, ಆದರೆ ಸ್ನಾಯುವಿನ ಒಳಪದರಕ್ಕೆ ರಕ್ತ ತಡವಾಗಿ, ಕಡಿಮೆ ಮುಟ್ಟುತ್ತಿತ್ತು. ಆಂಜಿಯೋಗ್ರಫಿ ತೋರಿಸುವುದು ಹೃದಯದ ಮೇಲ್ಮೈಯ ದೊಡ್ಡ ನಾಳಗಳನ್ನು. ಅವುಗಳಿಂದ ಕವಲೊಡೆದು ಸ್ನಾಯುವಿನೊಳಗೆ ಇಳಿಯುವ ಕೂದಲಿಗಿಂತ ಸಣ್ಣ ನಾಳಗಳು ಅದಕ್ಕೆ ಕಾಣುವುದೇ ಇಲ್ಲ. ಇವಳ ತೊಂದರೆ ಅಲ್ಲಿತ್ತು. ಗೋಡೆ ದಪ್ಪ, ಸಣ್ಣ ನಾಳಗಳು ಕೆಟ್ಟಿವೆ, ಬಿಪಿ ಇಲ್ಲ. ಅಮೇಯ ಓದಿಕೊಂಡು ಬಂದು ಫ್ಯಾಬ್ರಿ ಕಾಯಿಲೆ ಇರಬಹುದೇ ಎಂದ. ಅದು ಹುಟ್ಟಿನಿಂದ, ಮನೆತನದಲ್ಲಿ ಹರಿದು ಬರುವ ಕಾಯಿಲೆ. ಮೈಯ ಜೀವಕೋಶಗಳಲ್ಲಿ ಒಂದು ಬಗೆಯ ಜಿಡ್ಡನ್ನು ಒಡೆದು ಹಾಕುವ ಕಿಣ್ವ ಇರುತ್ತದೆ. ಅದು ಕೆಟ್ಟರೆ ಜಿಡ್ಡು ವರ್ಷಗಟ್ಟಲೆ ಒಳಗೇ ಕೂಡುತ್ತ ಹೋಗುತ್ತದೆ. ಸಣ್ಣ ನಾಳಗಳ ಒಳಗೋಡೆಯಲ್ಲಿ, ಮೂತ್ರಪಿಂಡದಲ್ಲಿ, ಹೃದಯದ ಸ್ನಾಯುವಿನಲ್ಲಿ.

ಇದನ್ನು ನೀಲವ್ವನಿಗೆ ಹೇಗೆ ಹೇಳುವುದು? ನಿಮ್ಮ ದಾಳಿಂಬೆಗೆ ಠಿಬಕ್ ನೀರಾವರಿ ಇದೆಯಲ್ಲ ಎಂದು ಕೇಳಿದೆ. ಹನಿ ಹನಿಯಾಗಿ ನೀರು ಬೀಳುವ ಪೈಪುಗಳನ್ನು ನಮ್ಮ ಕಡೆ ಠಿಬಕ್ ಎನ್ನುತ್ತಾರೆ. ಮುಖ್ಯ ಪೈಪಿನಲ್ಲಿ ನೀರು ಭರ್ತಿ ಇದ್ದರೂ ತೂತುಗಳು ಕಟ್ಟಿದರೆ ಗಿಡ ಒಣಗುತ್ತದೆ, ಹಾಗೆ ಇದು ಎಂದೆ. ಅವಳು ಮೇಜಿನ ಮೇಲೆ ಬೆರಳಿಂದ ಪೈಪಿನ ಗೆರೆ ಎಳೆದು ಅಲ್ಲಲ್ಲಿ ತೂತು ಗುರುತಿಸಿದಳು. ಆಮೇಲೆ ಕೇಳಿದಳು.

“ನಾವು ಠಿಬಕದಾಗ ಆಸಿಡ್ ಬಿಟ್ಟು ತೂತು ಬಿಡಿಸ್ತೀವ್ರಿ. ಇದಕ್ಕ ಹಂಗ ಏನರ ಅದ ಏನ್ರಿ?”

ಇದೆ ಎಂದೆ. ಆದರೆ ಮೊದಲು ರೋಗ ಅದೇ ಎಂದು ಖಾತ್ರಿಯಾಗಬೇಕು. ಕಾಗದದ ಮೇಲೆ ಒಣಗಿಸಿದ ಅವಳ ರಕ್ತದ ಹನಿಗಳನ್ನು ಪರೀಕ್ಷೆಗೆ ಕಳಿಸಿದೆವು. ವರದಿ ಬಂತು. ಕಿಣ್ವ ಸರಿಯಾಗಿದೆ.

ಅಮೇಯ ಮತ್ತೆ ಪುಸ್ತಕ ತೆರೆದ. ಹೆಂಗಸರಲ್ಲಿ ಈ ಪರೀಕ್ಷೆ ಮೋಸ ಮಾಡಬಲ್ಲದು. ಅವರಿಗೆ ಕೆಟ್ಟ ಜೀನಿನ ಜೊತೆ ಒಂದು ಒಳ್ಳೆಯ ಜೀನೂ ಇರುವುದರಿಂದ ರಕ್ತದಲ್ಲಿ ಕಿಣ್ವ ಸರಿಯಿದ್ದಂತೆ ಕಂಡು, ಹೃದಯದೊಳಗೆ ಕಾಯಿಲೆ ಬೆಳೆಯುತ್ತಿರಬಹುದು. ಅದು ಪುಸ್ತಕದಲ್ಲಿತ್ತು. ಆದರೆ ‘ಸರಿಯಾಗಿದೆ’ ಎಂಬ ವರದಿಯನ್ನು ಮುಂದಿಟ್ಟುಕೊಂಡು, ಇಲ್ಲ, ಇವಳಿಗೆ ರೋಗವಿದೆ ಎಂದು ಹೇಳಲು ಕೈಯಲ್ಲಿ ಇನ್ನೇನಾದರೂ ಬೇಕಲ್ಲ. ಜೀನಿನ ಪರೀಕ್ಷೆಗೆ ಒಪ್ಪಿಸಲು ನೀಲವ್ವನನ್ನು ಮತ್ತೆ ಕರೆಸಿದೆ. ಇಷ್ಟು ದಿನ ಜೊತೆಗೆ ಬರುತ್ತಿದ್ದ ಗಂಡನಿಗೆ ಅಂದು ಕಬ್ಬಿನ ಗಾಡಿ ಸಾಗಿಸುವುದಿತ್ತು. ಅವಳ ತಮ್ಮ ಮಾಳಪ್ಪ ಬಂದ.

ಬೇಸಿಗೆಯ ಮಟಮಟ ಮಧ್ಯಾಹ್ನ. ಸೊಲ್ಲಾಪುರದ ಬಿಸಿಲು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಕರೆಂಟು ಹೋಗಿ ಫ್ಯಾನು ನಿಂತಿತ್ತು. ನನ್ನ ಕನ್ನಡಕ ಬೆವರಿಗೆ ಮೂಗಿನಿಂದ ಜಾರುತ್ತಿತ್ತು, ಅಮೇಯನ ಅಂಗಿ ಬೆನ್ನಿಗೆ ಅಂಟಿತ್ತು. ಮಾಳಪ್ಪ ಮಾತ್ರ ತಲೆಯ ಮೇಲೆ ಒದ್ದೆ ಟವೆಲ್ ಹೊದ್ದು, ಕೆಂಪಗೆ ಕಾದ ಮುಖದಲ್ಲಿ ಒಂದು ಹನಿ ಬೆವರಿಲ್ಲದೆ ನಿಂತಿದ್ದ. ಫೈಲು ಕೊಡುವಾಗ ಅವನ ಕೈ ತಾಗಿತು. ಹಂಚಿನಂತೆ ಒಣಗಿ ಬಿಸಿಯಾಗಿತ್ತು.

“ಏನಪಾ, ಜ್ವರ ಬಂದಾವೇನು?”

“ಇಲ್ರಿ ಬಾಯಾರ. ನನ್ನ ಮೈನ ಹಿಂಗ. ಹುಟ್ಟಿದಾಗಿಂದ ನನಗ ಬೆವರು ಬರಂಗಿಲ್ಲ. ಫ್ಯಾಕ್ಟರ್ಯಾಗ ಕೂಲರ್ ಮಾಳಪ್ಪ ಅಂತಾರ.”

ಅವನು ಸೊಲ್ಲಾಪುರದ ಹೊರವಲಯದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ನೂಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಗಂಟೆಗೊಮ್ಮೆ ಅಂಗಿ ತೋಯಿಸಿಕೊಂಡು ಬಂದು ಯಂತ್ರದ ಮುಂದೆ ನಿಲ್ಲುತ್ತಿದ್ದನಂತೆ, ಅದಕ್ಕೆ ಆ ಹೆಸರು. ನಾನು ಪೆನ್ನು ಕೆಳಗಿಟ್ಟೆ. ಚಿಕ್ಕವನಿದ್ದಾಗ ಕೈಕಾಲು ಉರಿಯುತ್ತಿದ್ದವೇ ಎಂದು ಕೇಳಿದೆ. ಅಕ್ಕ ತಮ್ಮ ಇಬ್ಬರೂ ಒಟ್ಟಿಗೇ ನನ್ನ ಮುಖ ನೋಡಿದರು. ಉರಿ ತಾಳದೆ ಕಾಲುವೆಯ ನೀರಿನಲ್ಲಿ ಕಾಲಿಳಿಬಿಟ್ಟು ಕೂರುತ್ತಿದ್ದನಂತೆ. ಸಾಲಿ ತಪ್ಪಿಸಲು ನಾಟಕ ಎಂದು ಮಾಸ್ತರರು ಹೊಡೆದದ್ದೂ ಉಂಟು. ಅವ್ವ ಹುಲಜಂತಿಯ ದೇವರಿಗೆ ಹರಕೆ ಹೊತ್ತಿದ್ದಳು. ದೊಡ್ಡವನಾದಂತೆ ಉರಿ ಕಡಿಮೆಯಾಗಿ, ಹರಕೆ ಫಲಿಸಿತೆಂದು ಎಲ್ಲರೂ ಮರೆತಿದ್ದರು.

ಹೊಕ್ಕುಳ ಸುತ್ತ, ಸೊಂಟದ ಕೆಳಗೆ ಕೆಂಪು ಚುಕ್ಕೆಗಳಿವೆಯೇ ಎಂದು ಕೇಳಿದಾಗ ಮಾಳಪ್ಪ ನಾಚಿ ಅಕ್ಕನ ಕಡೆ ತಿರುಗಿದ. ಅಮೇಯ ಅವನನ್ನು ಪರದೆಯ ಹಿಂದೆ ಕರೆದುಕೊಂಡು ಹೋದ. ಒಂದು ಕ್ಷಣದಲ್ಲಿ ಪರದೆ ಸರಿಸಿ ಹೊರಬಂದವನ ಕಣ್ಣುಗಳು ಹೊಳೆಯುತ್ತಿದ್ದವು. ತಾನು ಕಲಿತ ಕನ್ನಡದಲ್ಲಿ ಮೊದಲ ಪೂರ್ಣ ವಾಕ್ಯ ಆಡಿದ.

“ಬಾಯಾರ, ಅದಾವ.”

ಮಾಳಪ್ಪನ ರಕ್ತದಲ್ಲಿ ಆ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಅವನ ಜೀನಿನಲ್ಲಿ ಸಿಕ್ಕ ದೋಷವೇ ನೀಲವ್ವನ ಜೀನಿನಲ್ಲೂ ಸಿಕ್ಕಿತು. ನಮ್ಮ ಕಣ್ಣಿನ ವೈದ್ಯರು ಇಬ್ಬರ ಕಣ್ಣನ್ನೂ ಯಂತ್ರದಲ್ಲಿ ನೋಡಿ, ಕರಿಗುಡ್ಡೆಯ ಮೇಲೆ ಸುಳಿಸುಳಿಯಾಗಿ ತೆಳು ಗೆರೆಗಳಿವೆ ಎಂದರು. ಅದೂ ಈ ಕಾಯಿಲೆಯ ಗುರುತೇ. ಮಾಳಪ್ಪನ ಮೂತ್ರಪಿಂಡದಿಂದ ಪ್ರೋಟೀನು ಸಹ ಸೋರಲು ಶುರುವಾಗಿತ್ತು. ಅಕ್ಕನಿಗೆ ಎದೆ ನೋಯದಿದ್ದರೆ ತಮ್ಮನ ವಿಷಯ ನಮಗೆ ತಿಳಿಯುತ್ತಿರಲಿಲ್ಲ. ತಮ್ಮ ಜೊತೆಗೆ ಬರದಿದ್ದರೆ ಅಕ್ಕನ ವರದಿ ‘ಸರಿಯಾಗಿದೆ’ ಎಂದೇ ಉಳಿಯುತ್ತಿತ್ತೋ ಏನೋ. ನನ್ನ ಕಿರಿಯರಿಗೆ ಒಂದು ಮಾತು ಹೇಳಬೇಕೆಂದರೆ ಇದನ್ನೇ. ರೋಗಿಯ ಜೊತೆ ಬಂದವರನ್ನು ಹೊರಗೆ ಕೂಡಿಸಬೇಡಿ.

ಮನೆತನದ ಕಾಯಿಲೆ ಎಂದ ಮೇಲೆ ತಾಯಿಯನ್ನು ಕರೆಸಲೇಬೇಕಾಯಿತು. ಭಾಗವ್ವ ಎಪ್ಪತ್ತರ ಹತ್ತಿರದ, ನೆಟ್ಟಗೆ ಕೂರುವ ಹೆಂಗಸು. ಆಕೆಯ ಒಬ್ಬ ಅಣ್ಣ ಚಿಕ್ಕ ವಯಸ್ಸಿಗೇ ಕಾಲು ಬಾತು, ಮೂತ್ರ ಕಟ್ಟಿ ತೀರಿಕೊಂಡಿದ್ದ. ಅವನೂ ಬೇಸಿಗೆಯಲ್ಲಿ ಬಾವಿಯ ಮೆಟ್ಟಿಲು ಬಿಟ್ಟು ಏಳುತ್ತಿರಲಿಲ್ಲ ಎಂದು ಹೇಳುತ್ತ ಹೇಳುತ್ತ ಆಕೆಗೆ ತಾನೇ ಎಲ್ಲ ಹೊಂದಿಸಿಕೊಂಡಂತಾಯಿತು. ಮುದುಕಿಯ ಹೃದಯವೂ ದಪ್ಪಗಾಗಿತ್ತು. ವಯಸ್ಸಾದ ದಣಿವು ಎಂದು ಆಕೆ ಸುಮ್ಮನಿದ್ದಳು.

“ಹಂಗಾದ್ರ ಇಬ್ಬರಿಗೂ ನನ್ನಿಂದನ ಬಂತೇನ್ರಿ?” ಎಂದು ಕೇಳಿದಳು.

ಈ ಪ್ರಶ್ನೆಯನ್ನು ಎಷ್ಟೋ ತಾಯಂದಿರು ನನಗೆ ಕೇಳಿದ್ದಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ನೀಲವ್ವ ಅವ್ವನ ಕೈ ಹಿಡಿದಳು.

“ಯವ್ವಾ, ಈ ಹಟ ನಿಂದ, ಈ ಮೂಗು ನಿಂದ. ಅವನ್ನ ಯಾಕ ಕೊಟ್ಟಿ ಅಂತ ಎಂದಾರ ಕೇಳೀನೇನು? ಇದೂ ಇರಲಿ ಬಿಡು.”

ಭಾಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ಮುಖ ದಿಟ್ಟಿಸಿದಳು. “ಮೂಗು ನಂದಲ್ಲ, ನಿಮ್ಮಪ್ಪಂದು.”

ಅಲ್ಲಿಂದ ಮುಂದಿನ ಮಾತು ಸುಲಭವಾಯಿತು. ನೀಲವ್ವನ ಮಗನಿಗೆ ಕಾಯಿಲೆ ಬಂದಿರಲಿಲ್ಲ, ಮಗಳಿಗೆ ಬಂದಿತ್ತು. ಆದರೆ ಅವಳ ಹೃದಯ, ಮೂತ್ರಪಿಂಡ ಎಲ್ಲ ಇನ್ನೂ ಚೆನ್ನಾಗಿದ್ದವು. ವರ್ಷಕ್ಕೊಮ್ಮೆ ನೋಡುತ್ತ ಹೋದರೆ ಸಾಕಿತ್ತು. ಗಂಡಸರಿಂದ ಈ ಕಾಯಿಲೆ ಹೆಣ್ಣುಮಕ್ಕಳಿಗೆ ಹೋಗುತ್ತದೆಯೇ ಹೊರತು ಗಂಡುಮಕ್ಕಳಿಗಲ್ಲ. ಮಾಳಪ್ಪನಿಗೆ ಇದ್ದವರಿಬ್ಬರೂ ಗಂಡು. ಒಂದು ಹೆಣ್ಣು ಬೇಕಾಗಿತ್ತು ಎಂದು ಇಷ್ಟು ವರ್ಷ ಕೊರಗುತ್ತಿದ್ದ ಅವನ ಹೆಂಡತಿ ಅಂದಿನಿಂದ ಆ ಮಾತು ಎತ್ತಲಿಲ್ಲ.

ಔಷಧಿ ಎಂದರೆ ಕೊರತೆಯಿರುವ ಅದೇ ಕಿಣ್ವವನ್ನು ಎರಡು ವಾರಕ್ಕೊಮ್ಮೆ ಸಲೈನಿನ ಹಾಗೆ ನರಕ್ಕೆ ಬಿಡುವುದು. ಸಾಮಾನ್ಯ ಮನೆತನ ಕನಸಿನಲ್ಲೂ ಕೊಳ್ಳಲಾಗದ ಔಷಧಿ ಅದು. ಸರಕಾರದ ವಿರಳ ರೋಗಗಳ ನೆರವಿಗೆಂದು ಮುಂಬೈಗೆ ಬರೆಯುವುದು, ಕೇಳಿದ್ದನ್ನೇ ಮತ್ತೆ ಕಳಿಸುವುದು, ಅಮೇಯ ತನ್ನ ರಜೆಯಲ್ಲಿ ಹೋಗಿ ಆ ಕಚೇರಿಯ ಬೆಂಚಿನ ಮೇಲೆ ಕೂರುವುದು, ಹೀಗೆ ಒಂದು ಮಳೆಗಾಲ ಪೂರ್ತಿ ಕಳೆಯಿತು. ಮೂತ್ರಪಿಂಡ ಕೆಡುತ್ತಿದ್ದ ಮಾಳಪ್ಪನಿಗೆ ಮೊದಲು ಸಿಕ್ಕಿತು, ಆಮೇಲೆ ನೀಲವ್ವನಿಗೆ. ಭಾಗವ್ವ ತನಗೆ ಬೇಡವೆಂದಳು. ಆಕೆಗೆ ಗುಳಿಗೆಗಳನ್ನಷ್ಟೇ ಕೊಟ್ಟೆವು.

ಅಕ್ಕ ತಮ್ಮ ಅಕ್ಕಪಕ್ಕದ ಹಾಸಿಗೆಯಲ್ಲಿ ಮಲಗುವ ಆ ದಿನ ಬಂತೆಂದರೆ ನಮ್ಮ ನರ್ಸುಗಳಿಗೆ ಹಬ್ಬ. ಹೊಲದ ಸುದ್ದಿ, ಅತ್ತೆಯ ಸುದ್ದಿ, ಕಾರ್ಖಾನೆಯ ಸುದ್ದಿ ಔಷಧಿಯ ಜೊತೆಗೇ ಹನಿಹನಿಯಾಗಿ ಇಳಿಯುತ್ತಿತ್ತು. ಕೆಲವು ತಿಂಗಳ ನಂತರ ಮಾಳಪ್ಪ ಚಿಂಚೋಳಿಯಿಂದ ನೇರವಾಗಿ, ತನ್ನ ಸರದಿ ಇಲ್ಲದ ದಿನ ಓಡಿ ಬಂದ. ಕಂಕುಳಲ್ಲಿ ಅಂಗಿ ತುಸು ಒದ್ದೆಯಾಗಿತ್ತು. ನೀರು ಹಾಕಿಕೊಂಡಿಲ್ಲ, ಮುಟ್ಟಿ ನೋಡಿ, ಎಂದು ಎಲ್ಲರ ಮುಂದೆ ಕೈ ಎತ್ತಿ ನಿಂತ. ಅಮೇಯ ಅವನ ಹಣೆ ಸವರಿ ಬೆರಳು ನೋಡಿಕೊಂಡ. ಕಾರ್ಖಾನೆಯವರು ಹೆಸರು ಬದಲಿಸಬೇಕಾದೀತು ಎಂದೆ. ಇನ್ನು ಮೇಲೆ ಅಂಗಿ ನೀನೇ ಒಗೆದುಕೊ ಎಂದು ಹೆಂಡತಿ ಹೇಳಿದ್ದಾಳೆ ಎಂದು ಅವನು ಹೆಮ್ಮೆಯಿಂದ ವರದಿ ಕೊಟ್ಟ.

ಎಲ್ಲವೂ ಹಾಗೆ ಸುಸೂತ್ರವಾಗಲಿಲ್ಲ. ದಪ್ಪವಾದ ಗೋಡೆ ತೆಳುವಾಗುವುದಿಲ್ಲ. ನೀಲವ್ವನ ನೋವು ಅರ್ಧಕ್ಕಿಂತ ಕಡಿಮೆಯಾಯಿತು, ಹೋಗಲಿಲ್ಲ. ಏರಿ ಹತ್ತುವಾಗ ಇವತ್ತಿಗೂ ನಡುವೆ ನಿಲ್ಲುತ್ತಾಳೆ. ಇನ್ನೂ ಬೇಗ ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ನಾನು ಒಮ್ಮೆ ಅಂದೆ. ಅವಳು ಒಪ್ಪಲಿಲ್ಲ. “ಈಗ ಅದಕ್ಕೊಂದು ಹೆಸರು ಅದ ಬಾಯಾರ. ಹೆಸರು ಇಲ್ದ ಬ್ಯಾನಿ ಭಾಳ ಅಂಜಸ್ತದ” ಎಂದಳು. ಅತ್ತೆ ಈಗ ಕೊಡ ಎತ್ತಲು ಬಿಡುವುದಿಲ್ಲವಂತೆ. ಪುಣೆಯ ಯಂತ್ರವೇ ಒಪ್ಪಿಕೊಂಡ ನೋವು ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ನಿವೃತ್ತಳಾಗಿ ಅಕ್ಕಲಕೋಟೆಯ ಮನೆಗೆ ಮರಳಿದೆ. ವಿಭಾಗವನ್ನು ಈಗ ಅಮೇಯ ನೋಡಿಕೊಳ್ಳುತ್ತಾನೆ. ಬೆಳಿಗ್ಗೆ ಮಲ್ಲಿಗೆಗೆ ನೀರು ಹಾಕುವುದು, ಸಂಜೆ ಗೆಳತಿಯರ ಜೊತೆ ಹರಟೆ, ಇಷ್ಟು ಚೆನ್ನಾಗಿಯೇ ಇತ್ತು. ಹೋದ ತಿಂಗಳು ಒಂದು ಬೆಳಿಗ್ಗೆ ಗೇಟಿನ ಸದ್ದಾಯಿತು. ನೋಡಿದರೆ ನೀಲವ್ವ, ಅವಳ ಹಿಂದೆ ನಾನು ಎಂದೂ ನೋಡಿರದ ಒಬ್ಬ ಹೆಂಗಸು. ಕೈಯಲ್ಲಿ ದಪ್ಪನೆಯ ಪ್ಲಾಸ್ಟಿಕ್ ಚೀಲ, ಅದರ ತುಂಬ ರಿಪೋರ್ಟುಗಳು. ಆಕೆ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದು ಕೂತಿದ್ದಳಂತೆ. ನೀಲವ್ವ ಮಾತಾಡಿಸಿ, ಎಲ್ಲ ಕಡೆ ಏನೂ ಇಲ್ಲ ಎಂದು ಕಳಿಸಿದ್ದಾರೆ ಎಂಬುದನ್ನು ತಿಳಿದುಕೊಂಡು, ಕೈ ಹಿಡಿದು ಕರೆತಂದಿದ್ದಳು. ಸ್ವಲ್ಪ ವಿಚಾರಿಸಿದಾಗ ಇದು ಮೊದಲ ಸಲವಲ್ಲ ಎಂದೂ ಗೊತ್ತಾಯಿತು. ಹೀಗೆ ಹಲವರನ್ನು ಅವಳು ಸೊಲ್ಲಾಪುರಕ್ಕೆ ಅಮೇಯನ ಬಳಿ ಕರೆದೊಯ್ದಿದ್ದಾಳೆ. ಹೆಚ್ಚಿನವರದ್ದು ಪಿತ್ತ, ಒಬ್ಬಳದು ಥೈರಾಯ್ಡು, ಒಬ್ಬಳಿಗೆ ಮಾತ್ರ ನಿಜಕ್ಕೂ ಹೃದಯದ್ದು.

ನಾನು ಈಗ ಡಾಕ್ಟರಕಿ ಬಿಟ್ಟಿದ್ದೇನೆ, ಔಷಧಿ ಬರೆದುಕೊಡುವುದಿಲ್ಲ, ಎಂದೆ.

“ಔಷಧ ಅಮೇಯ ಸರ್ ಕೊಡ್ತಾರ. ನೀವು ಬರೇ ಕೇಳ್ರಿ” ಎಂದು ನೀಲವ್ವ ಆಕೆಯನ್ನು ಕುರ್ಚಿಯಲ್ಲಿ ಕೂಡಿಸಿದಳು. ಆಕೆ ಚೀಲದಿಂದ ರಿಪೋರ್ಟು ತೆಗೆಯಹೋದಾಗ, ಅವು ಆಮೇಲೆ ನೋಡೋಣ, ಮೊದಲು ನೀನು ಹೇಳು, ಎಂದೆ. ಆಕೆ ನಂಬಿಕೆಯಿಲ್ಲದೆ ನನ್ನನ್ನೂ ನೀಲವ್ವನನ್ನೂ ನೋಡಿದಳು. ಆಮೇಲೆ ಚೀಲ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ತನ್ನ ಮದುವೆಯ ದಿನದಿಂದ ಶುರುಮಾಡಿದಳು.

ಒಲೆಯ ಮೇಲೆ ಹಾಲು ಇಟ್ಟಿದ್ದೆ. ನೀಲವ್ವ ಅದನ್ನು ನೋಡಲು ಒಳಗೆ ಹೋದಳು. ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.